ಖಾಲಿ ಜಾಗದ ಪೆಟ್ಟಿಗೆಗಳು

ಮಾರ್ಚ್ ೩, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ: ಇವತ್ತು ಕೇಬಲ್ ಮಾವ ನನ್ನ ಕ್ಷಮೆ ಕೇಳಿದರು, ನಾನು “ಪರವಾಗಿಲ್ಲ ಬಿಡಿ” ಅಂದೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಹೊಸ ವಿಮಾನ ನಿಲ್ದಾಣದ ಕಟ್ಟಡ ನೋಡಲು ಅಗ್ನಿಶಾಮಕ ಇಲಾಖೆಯ ತಪಾಸಣಾಧಿಕಾರಿ ಬಂದಿದ್ದರು. ನಿರ್ಗಮನ ವಿಭಾಗದ ಹಿಂದಿನ ಓಣಿಯಲ್ಲಿ ಸೀಲಿಂಗಿನ ಒಂದು ಹಲಗೆ ತೆಗೆಸಿ, ಏಣಿ ಹತ್ತಿ, ತಲೆ ಒಳಗೆ ತೂರಿಸಿದರು. ಅಲ್ಲಿ ನಮ್ಮ ಡಕ್ಟ್, ಎಂದರೆ ತಂಪು ಗಾಳಿ ಸಾಗಿಸುವ ತಗಡಿನ ಕೊಳವೆ, ಗೋಡೆಯೊಂದನ್ನು ದಾಟುತ್ತದೆ. ದಾಟುವ ಜಾಗದಲ್ಲಿ ಕೊಳವೆಯೊಳಗೆ ಉಕ್ಕಿನ ರೆಕ್ಕೆಯೊಂದಿದೆ. ಬೆಂಕಿ ಬಿದ್ದರೆ ಅದು ತಾನಾಗಿ ಮುಚ್ಚಿಕೊಂಡು ಬೆಂಕಿಯನ್ನೂ ಹೊಗೆಯನ್ನೂ ಆಚೆಗೆ ಬಿಡದೆ ತಡೆಯಬೇಕು. ಡ್ಯಾಂಪರ್ ಎನ್ನುತ್ತೇವೆ. ಅದು ಸರಿಯಾಗಿ ಮುಚ್ಚುತ್ತದೆಯೇ ಎಂದು ಆಗಾಗ ನೋಡಬೇಕಾದ್ದರಿಂದ ಕೊಳವೆಯ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು. ಅಧಿಕಾರಿ ಕೈ ಚಾಚಿದರು. ಬಾಗಿಲಿನವರೆಗೆ ಕೈ ಹೋಗಲಿಲ್ಲ. ಅಡ್ಡಕ್ಕೆ ಕೇಬಲ್ ಟ್ರೇ ಹಾದುಹೋಗಿತ್ತು, ತುಂಬ ಕೇಬಲ್ ಹೊತ್ತುಕೊಂಡು.

“ಈ ಬಾಗಿಲು ತೆಗೀಬೇಕಾದ್ರೆ ದೇವರು ನನಗೆ ಇನ್ನೊಂದು ಮೊಣಕೈ ಕೊಡ್ಬೇಕಿತ್ತು,” ಎಂದರು ಮೇಲಿನಿಂದಲೇ. ಏಣಿ ಹಿಡಿದಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. ಪಕ್ಕದ ಡ್ಯಾಂಪರಿಗೂ ಏಣಿ ಹಾಕಿಸಿದರು. ಅಲ್ಲಿಯೂ ಅದೇ ಕಥೆ.

ಕೇಬಲ್ ಮಾವ ವಿದ್ಯುತ್ ಕೆಲಸದ ಗುತ್ತಿಗೆ ಕಂಪನಿಯವರು. ಟ್ರೇಗಳು ಎಲ್ಲಿ ಹಾದುಹೋಗಬೇಕೆಂದು ನಿರ್ಧರಿಸುವುದು ಅವರ ತಂಡ. ಐವತ್ತು ದಾಟಿದವರು. ಇಡೀ ಆಫೀಸಿಗೆ ಮಾವ. ಗಂಡಸರೆಲ್ಲ ಅವರಿಗೆ “ಅಳಿಯಂದಿರು”, ನಾನು “ತಾಯಿ”. ಅಧಿಕಾರಿ ಹೋದಮೇಲೆ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು.

“ತಪ್ಪಾಯ್ತು ತಾಯಿ. ನಿಮ್ಮ ಜಾಗದೊಳಗೆ ನಾವು ನುಗ್ಬಿಟ್ಟಿದ್ದೀವಿ. ಹೇಗಾಯ್ತೋ ಒಂದೂ ಗೊತ್ತಾಗ್ತಿಲ್ಲ.”

“ಪರವಾಗಿಲ್ಲ ಬಿಡಿ,” ಎಂದೆ. ದನಿಯಲ್ಲಿ ಕ್ಷಮಿಸುವವರ ದೊಡ್ಡಸ್ತಿಕೆಯೂ ಸ್ವಲ್ಪ ಇತ್ತು.

ಹೇಗಾಯಿತೆಂದು ನನಗೆ ಗೊತ್ತು.

ಮಾರ್ಚ್ ೪, ಮಂಗಳವಾರ

ನನ್ನ ಕೆಲಸವೇನೆಂದು ಅತ್ತೆ ಒಮ್ಮೆ ಕೇಳಿದ್ದರು. “ಕಟ್ಟಡ ಕಟ್ಟೋಕೆ ಮುಂಚೆ ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟಿ ನೋಡ್ತೀವಿ ಅತ್ತೆ, ಒಂದೊಂದು ಪೈಪೂ ಬಿಡದ ಹಾಗೆ,” ಎಂದಿದ್ದೆ. “ಒಳ್ಳೇದಾಯ್ತು. ಬೀಳೋದಿದ್ರೂ ಅಲ್ಲೇ ಬಿದ್ದುಹೋಗುತ್ತೆ,” ಎಂದರು.

ಗಾಳಿಯ ಕೊಳವೆ, ನೀರಿನ ಪೈಪು ನಮ್ಮ ತಂಡದ ಮಾಡೆಲಿನಲ್ಲಿ. ಕೇಬಲ್ ಟ್ರೇ ಮಾವನವರ ಮಾಡೆಲಿನಲ್ಲಿ. ಕಂಬ, ತೊಲೆ ಇನ್ನೊಬ್ಬರದರಲ್ಲಿ. ವಾರಕ್ಕೊಮ್ಮೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸುತ್ತೇವೆ. ಯಾವುದಕ್ಕೆ ಯಾವುದು ತಾಗುತ್ತದೋ ಅಲ್ಲಿ ಕೆಂಪು. ಡ್ಯಾಂಪರಿನ ಬಾಗಿಲ ಮುಂದೆ ಮನುಷ್ಯನ ಕೈ, ಹೆಗಲು ಹಿಡಿಯುವಷ್ಟು ಖಾಲಿ ಜಾಗ ಉಳಿಯಬೇಕು. ಖಾಲಿ ಜಾಗ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ, ಹಾಗಾಗಿ ಅಲ್ಲೊಂದು ಪಾರದರ್ಶಕ ಪೆಟ್ಟಿಗೆ ಬಿಡಿಸಿ ಇಡುತ್ತೇವೆ. ಯಾರಾದರೂ ಆ ಪೆಟ್ಟಿಗೆಯೊಳಗೆ ಟ್ರೇ ಎಳೆದರೆ ಕೆಂಪಾಗುತ್ತದೆ.

ಹೋದ ವರ್ಷ ಮಾಲೀಕರ ಕಡೆಯವರು ಬರುವ ವಾರ ಕೆಂಪು ಬಹಳ ಇತ್ತು. ಎಲ್ಲವೂ ಆಗಷ್ಟೇ ಇಟ್ಟಿದ್ದ ಈ ಪೆಟ್ಟಿಗೆಗಳದ್ದೇ. ಪೆಟ್ಟಿಗೆಗಳು ಆಫ್ ಆಗಿಯೇ, ಎಂದರೆ ಕಾಣದಂತೆಯೇ, ಮಾಡೆಲ್ ಎಲ್ಲರಿಗೂ ಹೋಯಿತು. ತೆರೆಯ ಮೇಲೆ ಎಲ್ಲಿಯೂ ಡಿಕ್ಕಿಯಿಲ್ಲ, ಸೊನ್ನೆ. ಆಮೇಲೆ ಆನ್ ಆಗಬೇಕಿತ್ತು. ಆಗಲಿಲ್ಲ. ಮಾವನ ತಂಡಕ್ಕೆ ಅಲ್ಲಿ ಕಂಡದ್ದು ಖಾಲಿ ಜಾಗ, ಅವರು ಟ್ರೇ ಎಳೆದರು.

ಇಂಥದ್ದು ಎಲ್ಲ ಪ್ರಾಜೆಕ್ಟುಗಳಲ್ಲೂ ಆಗುತ್ತದೆ. ಆಗುವುದಿಲ್ಲ ಎನ್ನುವವರು ಈ ಕೆಲಸ ಮಾಡಿದವರಲ್ಲ.

ಮಾರ್ಚ್ ೬, ಗುರುವಾರ

ವಾರದ ಸಭೆ. ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುವುದು, ಕರೆಯುವಾಗ ಮಾತ್ರ ಸರ್. ಸಿಟ್ಟು ಬಂದಾಗ ದನಿ ತಗ್ಗಿಸುವ ಜನ. ಇವತ್ತು ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಎಲ್ಲರೂ ಮುಂದಕ್ಕೆ ಬಾಗಬೇಕಾಯಿತು.

“ಯಾರಾದ್ರೂ ಹೇಳ್ತೀರಾ, ಆ ಟ್ರೇ ಅಲ್ಲಿಗೆ ಹೇಗೆ ಹೋಯ್ತು? ನಡ್ಕೊಂಡು ಹೋಯ್ತಾ?”

ಮಾವ ಎದ್ದು ನಿಂತರು. ಕುಳಿತೇ ಮಾತಾಡಬಹುದಿತ್ತು, ಬೇರೆ ಯಾರೂ ಎದ್ದು ನಿಲ್ಲುವುದಿಲ್ಲ. “ನಮ್ಮ ಕಡೆಯಿಂದ ಕಣ್ತಪ್ಪಿದೆ ಸರ್. ಬಿಚ್ಚಿ ಬೇರೆ ದಾರೀಲಿ ಎಳೀತೀವಿ.”

ದೊಡ್ಡವರು ನನ್ನ ಕಡೆ ತಿರುಗಿದರು. “ನಿಮ್ಮ ಮಾಡೆಲಲ್ಲಿ ಜಾಗ ಬಿಟ್ಟಿತ್ತಲ್ವಾ?”

“ಇತ್ತು ಸರ್,” ಎಂದೆ.

ಇತ್ತು. ನನ್ನ ಕಂಪ್ಯೂಟರಿನಲ್ಲಿರುವ ಮಾಡೆಲಿನಲ್ಲಿ ಒಂದೊಂದು ಪೆಟ್ಟಿಗೆಯೂ ಇಟ್ಟಲ್ಲೇ ಇದೆ. ಮಾವನ ತಂಡಕ್ಕೆ ಕಳಿಸಿದ್ದರಲ್ಲಿ ಇತ್ತೇ ಎಂದು ಯಾರೂ ಕೇಳಲಿಲ್ಲ. ಒಂದೇ ಒಂದು ಸುಳ್ಳು ಪದ ಹೇಳದೆ ಮನುಷ್ಯ ಎಷ್ಟು ದೂರ ಹೋಗಬಹುದು ಎಂದು ಸಭೆ ಮುಗಿಯುವವರೆಗೂ ಅದನ್ನೇ ಯೋಚಿಸುತ್ತ ಕೂತಿದ್ದೆ. ಹೊರಗೆ ಬರುವಾಗ ಮಾವ ಬಾಗಿಲು ಹಿಡಿದುಕೊಂಡು, “ನೀವು ಮುಂದೆ ಹೋಗಿ ತಾಯಿ,” ಎಂದರು.

ಮಾರ್ಚ್ ೯, ಭಾನುವಾರ

ಇವರಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದೆವು. ಮುಖ ನೋಡಿ ಹೇಳಬೇಕಾಗಿರಲಿಲ್ಲ, ಅದಕ್ಕೇ ಆ ಹೊತ್ತು ಆರಿಸಿಕೊಂಡೆನೋ ಏನೋ.

ಕೇಳಿಸಿಕೊಂಡು, “ಯಾರಾದ್ರೂ ಕೇಳಿದ್ರಾ ನಿನ್ನ?” ಎಂದರು.

“ಇಲ್ಲ.”

“ಕೇಳೋ ಹಾಗಿದೆಯಾ?”

“ಹಳೇ ಮಾಡೆಲ್ ತೆಗೆದು ನೋಡಿದ್ರೆ ಗೊತ್ತಾಗುತ್ತೆ. ಯಾರೂ ನೋಡಲ್ಲ.”

“ಮತ್ತೆ ನೀನ್ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೊಳ್ತೀಯ? ಅವರೇ ಒಪ್ಕೊಂಡಾಯ್ತಲ್ಲ.” ಮಗಳ ಸಮವಸ್ತ್ರದ ತೋಳು ಸರಿಮಾಡುತ್ತ, ಒಳ್ಳೆಯ ಮಾತಿನಲ್ಲೇ ಹೇಳಿದರು.

ಸಮಾಧಾನವಾಯಿತು. ಆಮೇಲೆ ಅನ್ನಿಸಿತು, ಈ ಉತ್ತರ ಯಾರಿಂದ ಸಿಗುತ್ತದೆಂದು ಮೊದಲೇ ಗೊತ್ತಿದ್ದು ಅವರನ್ನೇ ಕೇಳಿದೆ. ಅತ್ತೆಯನ್ನು ಕೇಳಲಿಲ್ಲ.

ಮಾರ್ಚ್ ೧೨, ಬುಧವಾರ

ಟ್ರೇ ಬಿಚ್ಚುತ್ತಿದ್ದಾರೆ. ನೋಡಲು ಹೋಗಬೇಕಾದ ಕಾರಣವಿರಲಿಲ್ಲ, ಹೋದೆ. ಓಣಿಯುದ್ದಕ್ಕೂ ಸೀಲಿಂಗ್ ಹಲಗೆಗಳನ್ನು ಇಳಿಸಿ ಗೋಡೆಗೆ ಒರಗಿಸಿದ್ದಾರೆ. ಎಳೆದಿದ್ದ ಕೇಬಲ್ಲುಗಳನ್ನೆಲ್ಲ ವಾಪಸು ಎಳೆದು ಸುರುಳಿ ಸುತ್ತುತ್ತಿದ್ದಾರೆ. ಅರ್ಧಂಬರ್ಧ ಬಳಿದ ಗೋಡೆಯ ಮೇಲೆಲ್ಲ ಕೈಗುರುತು.

“ಮಾವ, ಮುಂದಿನ ಸಲ ಟ್ರೇಗೆ ಚಕ್ರ ಹಾಕಿಸಿ, ತಳ್ಳಿದ್ರೆ ಸಾಕು,” ಎಂದು ಏಣಿಯ ಮೇಲಿದ್ದವನೊಬ್ಬ ಕೂಗಿದ.

“ಮೊದ್ಲು ನಿನ್ನ ನಾಲಿಗೆಗೆ ಬ್ರೇಕ್ ಹಾಕಿಸ್ತೀನಿ ಅಳಿಯ,” ಎಂದರು ಮಾವ. ನಕ್ಕದ್ದು ಎಂದಿನಂತಿರಲಿಲ್ಲ.

ನನ್ನನ್ನು ನೋಡಿ ಹತ್ತಿರ ಬಂದರು. ಮುಖದಲ್ಲೇನೋ ಬದಲಾಗಿತ್ತು. ಕನ್ನಡಕ ಹೊಸದು.

“ಮನೇಲಿ ಕೂತು ಎಲ್ಲ ತಿರುಗಿ ನೋಡ್ದೆ ತಾಯಿ. ಆ ಜಾಗದಲ್ಲಿ ಪೆಟ್ಟಿಗೆ ಇದ್ದಿದ್ದು ನನಗೆ ನೆನಪೇ ಇಲ್ಲ. ಇಷ್ಟು ವರ್ಷ ಕೆಲಸ ಮಾಡಿ ಕಣ್ಣೆದುರಿಗಿದ್ದಿದ್ದು ಕಾಣ್ಲಿಲ್ಲ ಅಂದ್ರೆ? ಕಣ್ಣಿನ ಡಾಕ್ಟರ ಹತ್ರ ಹೋದೆ. ಅವರು ನೋಡಿ, ನಂಬರೇನೂ ಬದಲಾಗಿಲ್ಲ, ಹಳೇ ಕನ್ನಡಕನೇ ಸಾಕು ಅಂದ್ರು. ನಾನೇ ಹಟ ಮಾಡಿ ಹೊಸದು ಹಾಕಿಸ್ಕೊಂಡೆ. ಇರ್ಲಿ ಅಂತ.”

“ಚೆನ್ನಾಗಿದೆ,” ಎಂದೆ.

ಹೌದು, ಅಷ್ಟೇ ಅಂದೆ.

ಮಾರ್ಚ್ ೧೩, ಗುರುವಾರ

ಏನೂ ಬರೆಯುವಂತಿಲ್ಲ. ಕನ್ನಡಕದ ಚೌಕಟ್ಟು ಅವರ ಮೂಗಿಗೆ ದೊಡ್ಡದಾಯಿತು, ಸಭೆಯುದ್ದಕ್ಕೂ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು.

ಮಾರ್ಚ್ ೧೭, ಸೋಮವಾರ

ದೊಡ್ಡವರು ಕರೆದು ಬಾಗಿಲು ಮುಚ್ಚಿಸಿದರು. ಕೇಬಲ್ ಮಾವನನ್ನು ಈ ಪ್ರಾಜೆಕ್ಟಿನಿಂದ ತೆಗೆಯಲು ಮಾಲೀಕರ ಕಡೆಯವರು ಕೇಳಿದ್ದಾರಂತೆ. ಇಪ್ಪತ್ತೇಳರ ಗುರುವಾರ ಸಭೆಯಲ್ಲಿ ತೀರ್ಮಾನ.

“ಅವರ ಕಂಪನಿ ಅವರನ್ನ ಬೇರೆ ಕಡೆ ಹಾಕ್ಕೊಳ್ಳುತ್ತಾ ಸರ್?”

“ಆ ವಯಸ್ಸಿಗೆ, ಇಂಥ ಮಾತು ಬೆನ್ನಿಗೆ ಕಟ್ಕೊಂಡು? ನನಗನ್ಸಲ್ಲ.” ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಪಾಪ, ಒಳ್ಳೆಯವರು. ಏನ್ಮಾಡೋಕಾಗುತ್ತೆ. ಏನಾಯ್ತು ಅಂತ ನೀವೊಂದು ಚಿಕ್ಕದಾಗಿ ಬರ್ಕೊಡಿ, ತಾಂತ್ರಿಕವಾಗಿ.”

ಮಧ್ಯಾಹ್ನದೊಳಗೆ ಬರೆದುಕೊಟ್ಟೆ. ನಾನು ಓದಿದ ಶಾಲೆಯಲ್ಲಿ ಇಂಗ್ಲಿಷನ್ನು ಬಹಳ ಚೆನ್ನಾಗಿ ಕಲಿಸುತ್ತಿದ್ದರು. ಆ ಪುಟದಲ್ಲಿ ಮಾಹಿತಿ ಹಂಚಿಕೆಯಲ್ಲಿ ಅಂತರ ಉಂಟಾಗಿದೆ, ಸಮನ್ವಯದ ಕೊರತೆ ಕಂಡುಬಂದಿದೆ, ಮುಂದೆ ಹೀಗಾಗದಂತೆ ಕ್ರಮ ಕೈಗೊಳ್ಳಲಾಗುತ್ತಿದೆ. ಓದಿದರೆ ಆ ಕಟ್ಟಡದಲ್ಲಿ ಒಂದು ನರಪಿಳ್ಳೆಯೂ ಕೆಲಸ ಮಾಡಿದಂತೆ ಕಾಣುವುದಿಲ್ಲ. ದೊಡ್ಡವರು ಚೆನ್ನಾಗಿ ಬರೆದಿದ್ದೀರಿ ಎಂದರು.

ಮನೆಗೆ ಬಂದಾಗ ಅತ್ತೆ, “ಯಾಕೆ, ಯಾರದೋ ಮನೆಯಿಂದ ಏನೋ ಕದ್ದು ತಂದವರ ಹಾಗೆ ಒಳಗೆ ಬರ್ತೀಯ?” ಎಂದರು. ತಮಾಷೆಗೆ ಎಂದದ್ದು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಮಾರ್ಚ್ ೧೯, ಬುಧವಾರ

ಊಟದ ಹೊತ್ತಿನಲ್ಲಿ ಆಫೀಸು ಖಾಲಿಯಾದಾಗ ಹಳೆಯ ಮಾಡೆಲ್ ತೆರೆದೆ. ಆ ದಿನ ಸ್ಪಷ್ಟವಾಗಿ ನೆನಪಿದೆ. ನೆನಪಿಲ್ಲವೆಂದು ನನಗೇ ಹೇಳಿಕೊಂಡಿದ್ದೆ.

ದೊಡ್ಡವರು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. “ಇಷ್ಟೊಂದು ಕೆಂಪಾ? ನಾಳೆ ಮಾಲೀಕರಿಗೆ ಇದನ್ನ ತೋರಿಸೋದಾ?” ಅಷ್ಟೇ ಅವರು ಕೇಳಿದ್ದು. ಪೆಟ್ಟಿಗೆಗಳನ್ನು ಮರೆಮಾಡಿ ಎಂದು ಹೇಳಲಿಲ್ಲ. ಅಂಥದ್ದೊಂದು ಉಪಾಯವಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ. ಪಟ್ಟಿಯಲ್ಲಿ ಆ ಸಾಲು ಹುಡುಕಿ, ಅದರ ಮುಂದಿದ್ದ ಗುರುತು ತೆಗೆದೆ. ಕೆಂಪೆಲ್ಲ ಒಮ್ಮೆಲೇ ಹೋಯಿತು. ಹಿಂದಿನಿಂದ “ಅಬ್ಬ, ಜಾದೂ ಮಾಡಿದ್ರಲ್ಲ,” ಎಂದರು. ನನಗೆ ಖುಷಿಯಾಯಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಖುಷಿ ಇತ್ತು. ಮರುವಾರ ಆನ್ ಮಾಡಬಹುದಿತ್ತು. ಮಾಡಿದರೆ ಸೊನ್ನೆ ಹೋಗಿ ಮತ್ತೆ ಕೆಂಪು ಬರುತ್ತಿತ್ತು, ಯಾಕೆಂದು ಹೇಳಬೇಕಾಗುತ್ತಿತ್ತು. ಮರೆತದ್ದೇನಲ್ಲ.

ಇವತ್ತು ಆನ್ ಮಾಡಿ, ಈಗಿನ ಎಲ್ಲರ ಮಾಡೆಲುಗಳ ಮೇಲೆ ಕೂರಿಸಿದೆ. ಆ ಒಂದು ಓಣಿಯ ತೊಂದರೆ ಎಂದುಕೊಂಡಿದ್ದೆವು. ಸಾಮಾನು ಸಾಗಿಸುವ ಬೆಲ್ಟಿನ ಮೇಲ್ಗಡೆ ಕೆಂಪು. ಮಕ್ಕಳಿಗೆ ಹಾಲುಣಿಸುವ ಕೋಣೆಯ ಪಕ್ಕದ ಗೋಡೆಯಲ್ಲಿ ಕೆಂಪು. ಆಗಮನದ ಕಡೆ ಸಾಲಾಗಿ. ಅಧಿಕಾರಿ ಏಣಿ ಹಾಕಿಸದ ಕಡೆಗಳಲ್ಲೆಲ್ಲ. ಎಲ್ಲವೂ ಟ್ರೇಗಳಲ್ಲ. ಕೆಲವು ಕಡೆ ಬಾಗಿಲಿಗೆ ಅಡ್ಡ ನಿಂತಿರುವುದು ತಣ್ಣೀರಿನ ಪೈಪು. ಅದು ನಮ್ಮದು. ನಮ್ಮ ಬಾಗಿಲಿಗೆ ನಾವೇ ಅಡ್ಡ.

ಇಷ್ಟು ದಿನ ನಾನು ಹೆದರಿದ್ದು ನನ್ನ ಹೆಸರಿಗೆ. ಅಲ್ಲಿ ಒಂದು ದಿನ ಜನ ಓಡಾಡುತ್ತಾರೆ ಎನ್ನುವುದು ಇವತ್ತು ತಲೆಗೆ ಬಂತು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ. ಅದನ್ನು ಯೋಚಿಸುವುದೇ ನನ್ನ ಕೆಲಸವಾಗಿತ್ತು.

ಮಾರ್ಚ್ ೨೧, ಶುಕ್ರವಾರ

ಹೇಳಿದೆ. ಮೆಟ್ಟಿಲ ಬಳಿ, ಕಾಫಿ ಯಂತ್ರದ ಪಕ್ಕದಲ್ಲಿ.

ಮಾವ ಲೋಟ ಹಿಡಿದು ಕೇಳುತ್ತ ನಿಂತರು. ಮೊದಲು ಅರ್ಥವಾಗಲಿಲ್ಲ. “ಆಫ್ ಅಂದ್ರೆ? ನಮಗೆ ಬಂದಿದ್ದರಲ್ಲಿ ಇರ್ಲೇ ಇಲ್ವಾ?”

“ಇರಲಿಲ್ಲ. ನಾನು ತೆಗೆದಿದ್ದೆ.”

“ಒಂದೂ ಇರ್ಲಿಲ್ವಾ?”

“ಒಂದೂ ಇರಲಿಲ್ಲ.”

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿ ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡರು. ನಾನು ಕ್ಷಮೆ ಕೇಳಿದೆ. ಬಹಳ ಮಾತಾಡಿದೆ ಅಂತ ಕಾಣುತ್ತದೆ: ಆ ವಾರದ ಒತ್ತಡ, ಮಾಲೀಕರ ಭೇಟಿ, ನನಗೆ ಊಟ ಸೇರುತ್ತಿಲ್ಲ ಎಂಬುದು. ಅದನ್ನೂ ಹೇಳಿದೆ. ಬಿಡಿ ತಾಯಿ, ಆಗಿದ್ದಾಯ್ತು ಎನ್ನುತ್ತಾರೆಂದು ಕಾಯುತ್ತಿದ್ದೆ. ಅವರು ಅಂಥವರೇ. ಅದಕ್ಕೇ ಮೊದಲು ಅವರ ಹತ್ತಿರ ಹೋದದ್ದು.

“ನನ್ನ ಹುಡುಗರಲ್ಲಿ ಇಬ್ಬರನ್ನ ಬೈದೆ,” ಎಂದರು. “ಕುರುಡ್ರಾ ನೀವು ಅಂತ. ಒಬ್ಬ ಬಿಟ್ಟುಹೋದ.”

ಕನ್ನಡಕವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

“ಆ ಸಭೇಲಿ ಎಷ್ಟು ಜನ ಇದ್ರು? ಅವರೆಲ್ಲರೆದುರಿಗೆ ನಾನು ಎದ್ದು ನಿಂತು ಒಪ್ಕೊಂಡೆ. ಈಗ ಯಂತ್ರದ ಪಕ್ಕದಲ್ಲಿ ನಿಂತು ನನಗೊಬ್ಬನಿಗೇ ಹೇಳಿದ್ರೆ ಇದನ್ನ ನಾನೆಲ್ಲಿ ಇಟ್ಕೊಳ್ಳಲಿ, ಹೇಳಿ. ಮನೆಗೆ ತಗೊಂಡು ಹೋಗ್ಲಾ?” ದನಿ ಏರಿಸಲಿಲ್ಲ. “ನಿಮಗೆ ಹಗುರ ಆಗಿರ್ಬೇಕು. ಆಗ್ಲಿ. ಬರ್ತೀನಿ ಮೇಡಂ.”

ಮೇಡಂ.

ಮಾರ್ಚ್ ೨೨, ಶನಿವಾರ

ದೊಡ್ಡವರಿಗೆ ಫೋನ್ ಮಾಡಿದೆ. ಮಾರುಕಟ್ಟೆಯಲ್ಲಿದ್ದರು, ಹಿಂದಿನಿಂದ ಯಾರೋ ತರಕಾರಿಯ ಬೆಲೆ ಕೂಗುತ್ತಿದ್ದರು. ಎಲ್ಲ ಹೇಳಿದೆ, ಉಳಿದ ಕೆಂಪುಗಳನ್ನೂ ಹೇಳಿದೆ.

“ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಕೇಬಲ್ ಮಾವನಿಗೆ.”

“ಹ್ಞೂಂ.” ಆಮೇಲೆ ದನಿ ತಗ್ಗಿತು. “ನೋಡಿ, ಈಗ ಇದನ್ನ ಎತ್ತಿದ್ರೆ ಕಟ್ಟಡ ಒಪ್ಪಿಸೋದು ಎಷ್ಟು ತಿಂಗಳು ಮುಂದಕ್ಕೆ ಹೋಗುತ್ತೋ ಗೊತ್ತಿಲ್ಲ. ಗುರುವಾರದ್ದು ಮುಗೀಲಿ. ಆಮೇಲೆ ಒಂದೊಂದಾಗಿ, ದುರಸ್ತಿ ಅಂತ ಹಾಕಿ, ಸದ್ದಿಲ್ದೆ ಸರಿಮಾಡೋಣ. ಡ್ಯಾಂಪರೂ ಸರಿಹೋಗುತ್ತೆ, ನೀವೂ ಉಳ್ಕೊಳ್ತೀರಿ.”

“ಅವರು?”

“ಯಾರು?”

ಯಾರು ಎಂದು ನಾನು ಹೇಳಿದೆ. ಆಟೋದವನ ಜೊತೆ ಮಾತಾಡಬೇಕು ಎಂದು ಫೋನ್ ಇಟ್ಟರು.

ಮಗಳು ಬಾಗಿಲಲ್ಲಿ ನಿಂತಿದ್ದಳು. “ಅಮ್ಮ, ಕೆಲಸ ಹೋಗುತ್ತಾ ನಿಂಗೆ?”

“ಹೋಗಬಹುದು.”

“ಅಪ್ಪಂಗೆ ಗೊತ್ತಾ?”

“ಹೇಳ್ತೀನಿ.”

ಅವಳು ಹೋಗಿ ಅಜ್ಜಿಗೆ ಮೊದಲು ಹೇಳಿರಬೇಕು. ಸಂಜೆ ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದರು. “ತಿನ್ನು. ಹೊಟ್ಟೆಗಿಲ್ಲದೆ ಯಾರೂ ಜಗಳ ಗೆದ್ದಿಲ್ಲ.” ಜಗಳವಲ್ಲ ಅತ್ತೆ, ತಪ್ಪು ನನ್ನದೇ ಎಂದೆ. “ಹಾಗಾದ್ರೆ ಇನ್ನೂ ಸ್ವಲ್ಪ ತಿನ್ನು,” ಎಂದರು. ಇವರು ತಲೆ ತಗ್ಗಿಸಿ ಊಟ ಮಾಡಿದರು. ಕೈ ತೊಳೆಯುವಾಗ, “ನಾನು ಆವತ್ತು ಹಾಗೆ ಹೇಳಬಾರದಿತ್ತು,” ಎಂದರು. ನಾನು ಸುಮ್ಮನಿದ್ದದ್ದು ಅವರು ಹೇಳಿದ್ದರಿಂದಲ್ಲ.

ಮಾರ್ಚ್ ೨೪, ಸೋಮವಾರ

ಟಿಪ್ಪಣಿ ಬರೆದಾಯಿತು. ಪ್ರಾಜೆಕ್ಟಿನವರೆಲ್ಲ ಬೆಳಿಗ್ಗೆ ಬಂದು ಮೊದಲು ತೆರೆಯುವ ಪುಟವೊಂದಿದೆ: ನಾವು, ಮಾವನ ಕಡೆಯವರು, ಮಾಲೀಕರು, ತಪಾಸಣೆಯವರು. ಅಲ್ಲಿ ಹಾಕಿದ್ದನ್ನು ಹಾಕಿದವರೂ ಅಳಿಸುವಂತಿಲ್ಲ. ಇಂಗ್ಲಿಷಿನಲ್ಲೇ ಬರೆಯಬೇಕು. ನನ್ನ ಚಂದದ ಇಂಗ್ಲಿಷನ್ನು ಬದಿಗಿಟ್ಟು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದೆ. ಡ್ಯಾಂಪರುಗಳ ಮುಂದಿನ ಜಾಗ ಕಾಯುವ ಪೆಟ್ಟಿಗೆಗಳನ್ನು ನಾನು ಮರೆಮಾಡಿ ಮಾಡೆಲ್ ಕಳಿಸಿದೆ. ವಿದ್ಯುತ್ ತಂಡಕ್ಕೆ ಅವು ಕಾಣುವ ಹಾಗಿರಲಿಲ್ಲ. ಅವರ ತಪ್ಪಿಲ್ಲ. ಮಾರ್ಚ್ ೬ರ ಸಭೆಯಲ್ಲಿ ಇದು ನನಗೆ ಗೊತ್ತಿತ್ತು, ಹೇಳಲಿಲ್ಲ. ಹದಿನೇಳರಂದು ಬರೆದುಕೊಟ್ಟ ವರದಿಯಲ್ಲೂ ಹೇಳಲಿಲ್ಲ. ಇನ್ನೂ ಅಡ್ಡಿಯಿರುವ ಕಡೆಗಳನ್ನೆಲ್ಲ ಜೊತೆಗಿನ ಮಾಡೆಲಿನಲ್ಲಿ ತೋರಿಸಿದ್ದೇನೆ, ಅವುಗಳಲ್ಲಿ ನಮ್ಮ ಪೈಪುಗಳೂ ಇವೆ. ಕೆಳಗೆ ನನ್ನ ಹೆಸರು.

ದೊಡ್ಡವರು ಕುರ್ಚಿಯ ಹಿಂದೆ ನಿಂತಿದ್ದರೆಂದು ಒಂದು ಸಾಲು ಬರೆದಿದ್ದೆ. ತೆಗೆದೆ. ನಿಂತಿದ್ದರು, ಅಷ್ಟೇ.

ಯಾವ ದಿನ ಕಾಣಿಸಿಕೊಳ್ಳಬೇಕೆಂದು ಆ ಪುಟ ಕೇಳುತ್ತದೆ. ಮೊದಲು ಶುಕ್ರವಾರ ಎಂದು ಹಾಕಿದೆ. ಅಳತೆಗಳನ್ನು ಇನ್ನೊಮ್ಮೆ ನೋಡಬೇಕು, ಸೈಟಿನಿಂದ ಫೋಟೋ ಬರಬೇಕು, ಅವಸರ ಮಾಡಿ ಇನ್ನೊಂದು ತಪ್ಪು ಮಾಡಬಾರದು. ಎಲ್ಲ ಒಳ್ಳೆಯ ಕಾರಣಗಳೇ. ಶುಕ್ರವಾರದ ಹೊತ್ತಿಗೆ ಗುರುವಾರದ ಸಭೆ ಮುಗಿದಿರುತ್ತದೆ, ಮಾವ ಹೋಗಿಯಾಗಿರುತ್ತದೆ. ಬುಧವಾರ ಎಂದು ಬದಲಾಯಿಸಿದೆ. ಬುಧವಾರ ಹಾಕಿದರೆ ಓದುವವರು ಓದಿ, ಅವರ ಕಂಪನಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಯಾರಾದರೂ ಸಭೆಗೆ ಬಂದು ಅವರ ಪಕ್ಕದಲ್ಲಿ ಕೂರಲು ಸಮಯ ಸಾಲುವುದಿಲ್ಲ. ಮತ್ತೆ ಒಬ್ಬರೇ ಎದ್ದು ನಿಲ್ಲಬೇಕಾಗುತ್ತದೆ.

ಅದನ್ನೂ ಬದಲಾಯಿಸಿದೆ. ನಾಳೆ ಬೆಳಿಗ್ಗೆ, ಎಲ್ಲರೂ ಬರುವ ಹೊತ್ತಿಗೆ. ಮಂಗಳವಾರ, ಮಾರ್ಚ್ ೨೫.